ಹಿಮದ ಕೆಮ್ಮಲ್ಲ, ಟಿಬಿ

ನನಗೆ ಕಾಯಿಲೆ ಬಂದಾಗ ಮೊದಲು ಸಿಕ್ಕಿದ್ದು ಅಭಿನಂದನೆ.

ಮೂರು ತಿಂಗಳಲ್ಲಿ ಏಳು ಕೆಜಿ ಇಳಿದಿದ್ದೆ. ನಮ್ಮ ಓಟದ ಕ್ಲಬ್ಬಿನಲ್ಲಿ ಇದಕ್ಕೆ 'ರೇಸ್ ವೇಯ್ಟ್' ಎನ್ನುತ್ತಾರೆ. ರೇಸಿಗೆ ಮುಂಚೆ ಮೈಯಲ್ಲಿ ಬೇಡದ್ದೆಲ್ಲ ಕರಗಿ, ಬೇಕಾದ್ದು ಮಾತ್ರ ಉಳಿಯಬೇಕಂತೆ. ಶನಿವಾರ ಬೆಳಿಗ್ಗೆ ಯೂ ಯಾಂಗ್ಸ್ ಬೆಟ್ಟದ ಕಾರ್ ಪಾರ್ಕಿನಲ್ಲಿ ಇಳಿದರೆ ಸಾಕು, ಒಬ್ಬರಲ್ಲ ಒಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, ರೆನ್, ಏನು ತಿನ್ನೋದು ಬಿಟ್ಟೆ, ನಮಗೂ ಹೇಳು ಅನ್ನೋರು. ನನ್ನ ಹೆಸರು ರೇಣುಕಾ. ಅದು ಅವರ ಬಾಯಲ್ಲಿ ರೆನ್ ಆಗಿ ನಾಲ್ಕು ವರ್ಷವಾಯಿತು. ಅನ್ನ ಬಿಟ್ಟೆ ಎಂದು ನಾನು ಹೇಳುತ್ತಿದ್ದೆ. ಅದು ನಿಜವೂ ಆಗಿತ್ತು. ಅನ್ನ ಕಂಡರೆ ಆಗುತ್ತಿರಲಿಲ್ಲ. ಅದನ್ನು ನಾನು ಶಿಸ್ತು ಅಂದುಕೊಂಡಿದ್ದೆ.

ಬೆಳಗಾಗುವ ಹೊತ್ತಿಗೆ ದಿಂಬು ಒದ್ದೆಯಾಗಿರುತ್ತಿತ್ತು. ಟ್ರೇನಿಂಗ್ ಜಾಸ್ತಿಯಾದರೆ ಹಾಗೆ ಬೆವರುತ್ತದೆ ಎಂದು ಕ್ಲಬ್ಬಿನಲ್ಲೇ ಯಾರೋ ಹೇಳಿದ್ದರು. ಸಂಜೆ ಮೈ ಬೆಚ್ಚಗಾಗುತ್ತಿತ್ತು. ಅದಕ್ಕೂ ಒಂದು ಕಾರಣ ಸಿಕ್ಕಿತು. ಓಡುವವರ ಹತ್ತಿರ ಎಲ್ಲದಕ್ಕೂ ಕಾರಣ ಇರುತ್ತದೆ. ಕಾಲುಗುರು ಉದುರಿದರೆ ನಗುತ್ತಾರೆ, ಮೊಣಕಾಲು ಊದಿದರೆ ಐಸ್ ಇಟ್ಟು ಫೋಟೋ ಹಾಕುತ್ತಾರೆ. ನೋವನ್ನು ಲೆಕ್ಕಕ್ಕೇ ತೆಗೆದುಕೊಳ್ಳದವರ ನಡುವೆ ನಾನು ನಿಜವಾದ ಕಾಯಿಲೆಯನ್ನು ಹೊತ್ತುಕೊಂಡು ಬೆಟ್ಟ ಹತ್ತುತ್ತಿದ್ದೆ. ಚಪ್ಪಾಳೆ ಬೇರೆ.

ನಾನು ಅರಸೀಕೆರೆಯವಳು. ಅಪ್ಪ ರೈಲ್ವೆ ಗ್ಯಾಂಗ್‌ಮನ್ ಆಗಿದ್ದರು. ಸುತ್ತಿಗೆ ಹೊತ್ತು ದಿನಕ್ಕೆ ಇಷ್ಟು ಮೈಲಿ ಎಂದು ಹಳಿಯ ಮೇಲೆ ನಡೆಯುವ ಕೆಲಸ. ನಮ್ಮ ಮನೆತನದಲ್ಲಿ ಹತ್ತನೇ ತರಗತಿ ದಾಟಿದವಳು ನಾನೊಬ್ಬಳೇ. ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ಸಿವಿಲ್ ಇಂಜಿನಿಯರಿಂಗ್ ಓದಿದೆ. ಈಗ ಮೆಲ್ಬರ್ನಿನ ಪಶ್ಚಿಮದಲ್ಲಿ ಎದ್ದು ನಿಲ್ಲುತ್ತಿರುವ ಹೊಸ ವಸತಿ ಎಸ್ಟೇಟ್‌ಗಳ ಮಳೆನೀರಿನ ಚರಂಡಿಗಳನ್ನು ವಿನ್ಯಾಸ ಮಾಡುತ್ತೇನೆ. ಟಾರ್ನೀಟ್‌ನಲ್ಲಿ ನಾವಿರುವ ಬೀದಿಯ ನೀರು ಎತ್ತ ಹರಿಯಬೇಕೆಂದು ಗೆರೆ ಎಳೆದವಳು ನಾನೇ. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ. ಕಷ್ಟಪಟ್ಟು ಗಳಿಸಿದ ಜಂಬ, ಬಿಟ್ಟುಕೊಡುವುದಿಲ್ಲ.

ಕ್ಲಬ್ಬಿಗೆ ನನ್ನನ್ನು ಎಳೆದುಕೊಂಡು ಹೋದವಳು ಮೌರೀನ್. ಅರವತ್ತೆಂಟು ವರ್ಷ, ಶಾಲಾ ಬಸ್ ಓಡಿಸಿ ರಿಟೈರ್ ಆದವಳು. ವಿಂಡಮ್ ವೇಲ್‌ನ ತೊರೆಯ ಪಕ್ಕದ ದಾರಿಯಲ್ಲಿ ನಾನು ವಾಕಿಂಗ್ ಮಾಡುವಾಗ ದಿನಾ ಎದುರಿನಿಂದ ಓಡಿ ಬರುತ್ತಿದ್ದಳು. ಒಂದು ದಿನ ನಿಂತು, ಬರೀ ನೋಡ್ತೀಯಾ, ಇಲ್ಲಾ ಬರ್ತೀಯಾ ಎಂದು ಕೇಳಿದಳು. ಹೋದೆ. ಅರಸೀಕೆರೆಯಲ್ಲಿ ನಾವು ಓಡುತ್ತಿದ್ದುದು ರೈಲು ತಪ್ಪಿದಾಗ ಮಾತ್ರ. ಇಲ್ಲಿ ಕಲ್ಲು, ಬೇರು, ಇಳಿಜಾರಿನ ಮೇಲೆ ಸುಮ್ಮನೆ ಓಡುತ್ತಾರೆ. ಚಳಿಗಾಲದಲ್ಲಿ, ಇಲ್ಲಿ ಅದು ಜೂನ್, ಜುಲೈ, ನಾಲ್ಕು ಗಂಟೆ ದೂರದ ಹಿಮಬೆಟ್ಟಕ್ಕೆ ಹೋಗಿ, ಕಾಲಿಗೆ ಮೊರದಷ್ಟು ಅಗಲದ ಚೌಕಟ್ಟು ಕಟ್ಟಿಕೊಂಡು ಹಿಮದ ಮೇಲೂ ಓಡುತ್ತಾರೆ. ಅದು ಸ್ನೋಶೂ ರೇಸ್. ಮೊದಲ ಸಲ ನೋಡಿದಾಗ ಬಾತುಕೋಳಿಗಳ ಮದುವೆ ದಿಬ್ಬಣದಂತಿತ್ತು. ಎರಡನೇ ವರ್ಷಕ್ಕೆ ನನಗೆ ಅದರ ಹುಚ್ಚು ಹಿಡಿಯಿತು.

ಕಳೆದ ಜುಲೈ ರೇಸಿಗೆ ಹೋದಾಗ ನನಗೆ ಆಗಲೇ ಒಂದು ತಿಂಗಳಿಂದ ಕೆಮ್ಮಿತ್ತು. ಹಿಮಗಾಳಿ ಬೀಸಿ ಬೆಟ್ಟದ ಮೇಲಿನ ಲಾಡ್ಜಿನಿಂದ ಹೊರಗೆ ಬರಲಾಗದೆ ಮೂರು ರಾತ್ರಿ ಎಂಟು ಜನ ಒಂದೇ ಬಂಕ್ ರೂಮಿನಲ್ಲಿ ಮಲಗಿದೆವು. ಕಿಟಕಿಗಳ ಸಂದಿಗೆ ಟೇಪು, ಒಳಗೆ ಹೀಟರು. ರೇಸಿನ ದಿನ ಎಲ್ಲರೂ ಕೆಮ್ಮಿದರು. ಒಣ ತಣ್ಣನೆ ಗಾಳಿಯಲ್ಲಿ ಬಾಯಿ ತೆರೆದು ಓಡಿದರೆ ಹಾಗಾಗುತ್ತದೆ. ಅವರು ಅದನ್ನು ಹಿಮದ ಕೆಮ್ಮು ಎನ್ನುತ್ತಾರೆ. ಮರುದಿನ ಅವರದು ನಿಂತಿತು. ನನ್ನದು ನಿಲ್ಲಲಿಲ್ಲ. ಮೇಲಿನ ಬಂಕಿನಲ್ಲಿ ಮಲಗಿದ್ದ ಕ್ರೇಗ್ ಎಂಬವನು ಕೈ ಇಳಿಬಿಟ್ಟು ಕೆಮ್ಮಿಗೆ ಚೀಪುವ ಲಾಜೆಂಜ್ ಪೊಟ್ಟಣವೊಂದನ್ನು ಕೊಟ್ಟ. ಒಳ್ಳೆ ಮನುಷ್ಯ, ಪ್ಲಂಬರ್. ಆಗ ಅವನ ಹೆಂಡತಿ ಬಸುರಿ. ನಾನು ಹೆಂಗಸರಲ್ಲಿ ಮೂರನೆಯವಳಾಗಿ ಬಂದಿದ್ದೆ. ಆ ಖುಷಿಯಲ್ಲಿ ಕೆಮ್ಮು ಯಾರಿಗೆ ಬೇಕು.

ಆಗಸ್ಟಿನಲ್ಲಿ ಯೂ ಯಾಂಗ್ಸ್‌ನ ಏರಿನಲ್ಲಿ ಕೆಮ್ಮಿ ಟಿಶ್ಯೂನಲ್ಲಿ ಉಗಿದಾಗ ಅದು ಕೆಂಪಾಗಿತ್ತು. ನಮ್ಮ ಕ್ಲಬ್ಬಿನ ಪದ್ಧತಿಯೊಂದಿದೆ. ಕಾಡಿನಲ್ಲಿ ಏನೂ ಬಿಸಾಡಬಾರದು, ಕಸವನ್ನೆಲ್ಲ ಬೆನ್ನಿನ ಚೀಲದಲ್ಲೇ ಮನೆಗೆ ಒಯ್ಯಬೇಕು. ನಾನು ಅದನ್ನು ಮಡಿಚಿ ಚೀಲದ ಜೇಬಿಗೆ ಹಾಕಿಕೊಂಡೆ. ಆಮೇಲೆ ಉಳಿದ ಒಂಬತ್ತು ಕಿಲೋಮೀಟರನ್ನೂ ಓಡಿ ಮುಗಿಸಿದೆ. ಇದನ್ನು ಓದುವಾಗ ನಿಮಗೆ ಹುಚ್ಚು ಅನ್ನಿಸಬಹುದು. ಹುಚ್ಚೇ. ಅರ್ಧ ದಾರಿಯಲ್ಲಿ ನಿಲ್ಲಿಸಿದವಳು ಎಂದು ಅನ್ನಿಸಿಕೊಳ್ಳುವುದು ಆಗ ನನಗೆ ರಕ್ತಕ್ಕಿಂತ ದೊಡ್ಡದಾಗಿ ಕಂಡಿತ್ತು.

ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ಪಾಳಿ ನನ್ನ ಗಂಡ ಗಿರೀಶನದು. ಸೋಮವಾರ ಚೀಲದ ಜೇಬು ಬರಿದು ಮಾಡುವಾಗ ಅವನಿಗೆ ಅದು ಸಿಕ್ಕಿತು. ಮೂಗಿನಿಂದ ಬಂದಿದ್ದು ಎಂದೆ. ಅವನು ಫೋನ್ ತೆಗೆದು ಜಿಪಿ ಡಾಕ್ಟರ ಅಪಾಯಿಂಟ್‌ಮೆಂಟ್ ಬುಕ್ ಮಾಡಿದ. "ನಾಳೆ ಎಂಟೂವರೆಗೆ. ಮೂಗೂ ತೋರ್ಸು, ಶ್ವಾಸಕೋಶಾನೂ ತೋರ್ಸು" ಅಂದ.

ಎಕ್ಸ್-ರೇ ತೆಗೆದ ದಿನ ಸಂಜೆಯೇ ಫೋನ್ ಬಂತು. ಆಸ್ಪತ್ರೆಗೆ ಹೋಗಿ, ಮಾಸ್ಕ್ ಹಾಕಿಕೊಂಡು ಹೋಗಿ, ಮುಂದಿನ ಬಾಗಿಲಲ್ಲಿ ಬೇಡ, ಪಕ್ಕದ ಬಾಗಿಲಲ್ಲಿ ನಿಂತು ಫೋನ್ ಮಾಡಿ ಎಂದರು. ಆ ಪಕ್ಕದ ಬಾಗಿಲ ಮುಂದೆ ಲಾಂಡ್ರಿ ಗಾಡಿಗಳ ಸಾಲಿತ್ತು. ಅಲ್ಲಿ ಇಪ್ಪತ್ತು ನಿಮಿಷ ನಿಂತಿದ್ದೆ. ಆ ಇಪ್ಪತ್ತು ನಿಮಿಷ ನನ್ನ ಬದುಕಿನ ಅತಿ ಉದ್ದದ ವೇಯ್ಟಿಂಗ್ ರೂಮು. ಹೋಗುವವರೆಲ್ಲ ನನ್ನನ್ನು ನೋಡಿ ಒಂದು ಹೆಜ್ಜೆ ಆಚೆ ಸರಿಯುತ್ತಿದ್ದಾರೆ ಎನ್ನಿಸಿತು. ಯಾರೂ ಸರಿಯುತ್ತಿರಲಿಲ್ಲ. ನಾನೇ ಗೋಡೆಗೆ ಒತ್ತಿಕೊಳ್ಳುತ್ತಿದ್ದೆ.

ಮರುದಿನ ಡಾಕ್ಟರು ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಹೇಳಿದರು, ಟಿಬಿ. ಆಗ ನನ್ನ ಬಾಯಿಂದ ಬಂದ ಮಾತು ಇವತ್ತಿಗೂ ನೆನಪಿದೆ. "ಆದರೆ ನಾನು ಸಿವಿಲ್ ಇಂಜಿನಿಯರ್" ಅಂದೆ ಇಂಗ್ಲಿಷಿನಲ್ಲಿ. ಅವರು ತಲೆಯಾಡಿಸಿ, ಹೌದು, ಫಾರ್ಮಿನಲ್ಲಿ ನೋಡಿದೆ ಎಂದರು. ಆಮೇಲೆ ಮಾತ್ರೆಗಳ ವಿಷಯಕ್ಕೆ ಹೋದರು.

ಅವರಿಗೆ ನನ್ನ ಮಾತು ಅರ್ಥವಾಗಿರಲಿಕ್ಕಿಲ್ಲ. ನನ್ನ ಪಾಲಿಗೆ ಟಿಬಿ ಒಂದು ಕಾಯಿಲೆಯಾಗಿರಲಿಲ್ಲ, ಒಂದು ವಿಳಾಸವಾಗಿತ್ತು. ರೈಲ್ವೆ ಕ್ವಾರ್ಟರ್ಸಿನ ಹಿಂದಿನ ಸಾಲಿನಲ್ಲಿ, ಅಪ್ಪನ ತಂಗಿ ಜಯತ್ತೆ ನಮ್ಮ ಜೊತೆಗಿದ್ದ ಮನೆ. ನನ್ನನ್ನು ಎತ್ತಿ ಆಡಿಸಿದವಳು ಅವಳು. ಆರು ವರ್ಷದವರೆಗೂ ನಾನು ಅವಳ ಪಕ್ಕದಲ್ಲೇ ಮಲಗುತ್ತಿದ್ದೆ. ಅವಳಿಗೆ ಟಿಬಿ ಎಂದು ಗೊತ್ತಾದ ಮೇಲೆ ಅವಳ ಲೋಟ ಬೇರೆಯಾಯಿತು, ಚಾಪೆ ಬೇರೆಯಾಯಿತು, ಬೀದಿಯವರಿಗೆಲ್ಲ ಉಬ್ಬಸ ಎಂದು ಹೇಳಲಾಯಿತು. ಸ್ವಲ್ಪ ಗುಣವಾಗುತ್ತಲೇ ಅವಸರದಲ್ಲಿ ಮದುವೆ ಮಾಡಿದರು. ಗಂಡನ ಮನೆಯಲ್ಲಿ ಮಾತ್ರೆ ನುಂಗಿದರೆ ಗೊತ್ತಾಗಿಬಿಡುತ್ತದೆಂದು ಅವಳು ನಿಲ್ಲಿಸಿದಳು. ಒಂದೂವರೆ ವರ್ಷದಲ್ಲಿ ಹೋದಳು. ಆಗ ಸರ್ಕಾರದ ಮಾತ್ರೆ ಬಿಟ್ಟಿ ಸಿಗುತ್ತಿತ್ತು. ಅದನ್ನು ಎಲ್ಲರ ಎದುರು ನುಂಗುವ ಧೈರ್ಯ ಮಾತ್ರ ಯಾರೂ ಅವಳಿಗೆ ಕೊಡಲಿಲ್ಲ.

ನಾನು ಓದಿದ್ದು, ವೀಸಾ, ಇಲ್ಲೇ ನೆಲೆಸುವ ಪಿಆರ್, ನಾಲ್ಕು ಬೆಡ್‌ರೂಮಿನ ಮನೆ, ಎಲ್ಲವೂ ಆ ಸಾಲಿನಿಂದ ದೂರ ಓಡುವುದಕ್ಕೇ ಆಗಿತ್ತು. ಅದು ನನ್ನೊಳಗೇ ಕೂತು ನನ್ನ ಜೊತೆಗೇ ವಿಮಾನ ಹತ್ತಿ ಬಂದಿತ್ತು. ಚಿಕ್ಕಂದಿನಲ್ಲಿ ಹೊಕ್ಕಿದ್ದು ಇಷ್ಟು ವರ್ಷ ಮಲಗಿದ್ದು ಈಗ ಎದ್ದಿರಬಹುದು ಎಂದು ನರ್ಸ್ ಲಾನ್ ಹೇಳಿದಾಗ ನನಗೆ ಜಯತ್ತೆಯ ಮೇಲೆ ಒಂದು ಕ್ಷಣವೂ ಸಿಟ್ಟು ಬರಲಿಲ್ಲ. ಅವಳನ್ನು ಮುಚ್ಚಿಟ್ಟವರ ಮೇಲೆ ಬಂತು. ಅವರಲ್ಲಿ ನಮ್ಮಪ್ಪನೂ ಒಬ್ಬರು.

ಆಸ್ಪತ್ರೆಯ ಆ ಒಂಟಿ ರೂಮಿನಲ್ಲಿ ಗಾಳಿ ಎಳೆಯುವ ಯಂತ್ರ ಹಗಲೂ ರಾತ್ರಿ ಗುಂಯ್ ಅನ್ನುತ್ತಿತ್ತು. ಬರುವವರೆಲ್ಲ ದಪ್ಪ ಮಾಸ್ಕಿನಲ್ಲಿ ಬರುತ್ತಿದ್ದರು, ಕಣ್ಣಷ್ಟೇ ಕಾಣುತ್ತಿತ್ತು. ಕಸ ಗುಡಿಸಲು ಬರುತ್ತಿದ್ದ ಟೋಂಗಾ ದೇಶದ ಹೆಂಗಸೊಬ್ಬಳು ಮಾತ್ರ ಅವಸರವಿಲ್ಲದೆ ಮೂಲೆಮೂಲೆ ಒರೆಸುತ್ತಾ ತನ್ನ ಮಗನ ಫುಟ್ಬಾಲ್ ಪುರಾಣ ಹೇಳುತ್ತಿದ್ದಳು. ನನ್ನನ್ನು ಏನೂ ಕೇಳುತ್ತಿರಲಿಲ್ಲ. ದಿನಕ್ಕೆ ಹತ್ತು ನಿಮಿಷ ನಾನು ರೋಗಿಯಲ್ಲ, ಅವಳ ಪುರಾಣದ ಶ್ರೋತೃ. ಅದೆಷ್ಟು ದೊಡ್ಡ ಉಪಕಾರ ಎಂದು ಅವಳಿಗೆ ಗೊತ್ತಿರಲಿಲ್ಲ.

ಒಂಬತ್ತು ವರ್ಷದ ಮಗಳು ದಿಯಾ ವಿಡಿಯೋ ಕಾಲ್‌ನಲ್ಲಿ ನೇರವಾಗಿ ಕೇಳಿದಳು. "ಅಮ್ಮಾ, ಆರ್ ಯೂ ಗೋಯಿಂಗ್ ಟು ಡೈ?"

"ಇಲ್ಲ ಕಣೇ. ಆರು ತಿಂಗಳು ಮಾತ್ರೆ ತಗೊಂಡ್ರೆ ಸರಿಹೋಗುತ್ತೆ."

"ಪ್ರಾಮಿಸ್?"

"ಮಾತ್ರೆ ತಪ್ಪಿಸದೆ ತಗೋತೀನಿ ಅಂತ ಪ್ರಾಮಿಸ್." ಅಷ್ಟು ಮಾತ್ರ ನನ್ನ ಕೈಯಲ್ಲಿತ್ತು. ಅವಳ ರಕ್ತಪರೀಕ್ಷೆಯೂ ಗಿರೀಶನದೂ ಸರಿ ಇದೆ ಎಂದು ಬರುವ ತನಕ ನಾನು ಮಾತ್ರೆಯ ಜೊತೆಗೆ ನುಂಗಿದ ಭಯವನ್ನು ಇಲ್ಲಿ ಬರೆಯಲಾರೆ.

ನಾಲ್ಕನೇ ದಿನ ಲಾನ್ ಒಂದು ಫಾರ್ಮ್ ಹಿಡಿದು ಬಂದಳು. ಕಳೆದ ಮೂರು ತಿಂಗಳಲ್ಲಿ ಯಾರ ಜೊತೆ ಮುಚ್ಚಿದ ಕೋಣೆಯಲ್ಲಿ ತುಂಬಾ ಹೊತ್ತು ಇದ್ದೆ ಎಂದು ಕೇಳಿದಳು. ಮನೆ, ಆಫೀಸು. ಜೂನ್ ಲಾಂಗ್ ವೀಕೆಂಡಿನಲ್ಲಿ ಸಿಡ್ನಿಯ ಮಾರ್ಸ್ಡನ್ ಪಾರ್ಕ್‌ನಲ್ಲಿ ಗಿರೀಶನ ಅಕ್ಕ ಶೈಲಕ್ಕನ ಮನೆಯಲ್ಲಿ ನಾಲ್ಕು ದಿನ. ಆಮೇಲೆ ಲಾಡ್ಜಿನ ಮೂರು ರಾತ್ರಿ. ಮೌರೀನ್, ಕ್ರೇಗ್ ಸೇರಿ ಆ ಏಳು ಹೆಸರುಗಳನ್ನು ಒಂದೊಂದಾಗಿ ಹೇಳಿ ಬರೆಸಿದೆ. ಲಾನ್ ಪೆನ್ನು ನಿಲ್ಲಿಸಿ, ನಾವು ಅವರಿಗೆ ಫೋನ್ ಮಾಡುತ್ತೇವೆ, ನಿನ್ನ ಹೆಸರು ಹೇಳುವುದಿಲ್ಲ, ಹೇಳುವಂತಿಲ್ಲ, ಹೇಳಬೇಕೋ ಬೇಡವೋ ಅದು ಪೂರ್ತಿ ನಿನಗೆ ಬಿಟ್ಟಿದ್ದು ಎಂದಳು.

ಬಿಟ್ಟಿದ್ದು ಎಂದ ಮೇಲೆ ಫೋನಿನಲ್ಲೇ ಮನೆ ಪಂಚಾಯ್ತಿ ಶುರುವಾಯಿತು. ಗಿರೀಶನಿಗೆ ಎಲ್ಲವೂ ಸಲೀಸಾಗಿ ಕಂಡಿತು. ಹೆಸರು ಹೇಳದೆ ಅವರೇ ಮಾಡುತ್ತಾರಲ್ಲ, ಜನ ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ, ಕೆಲಸ ಆಯಿತು, ನೀನ್ಯಾಕೆ ಮಧ್ಯೆ ತಲೆ ಹಾಕುತ್ತೀಯ ಎಂದ. ಅವನ ಭಯ ನನಗೆ ಗೊತ್ತಿತ್ತು. ಟಾರ್ನೀಟ್‌ನಲ್ಲಿ ಇಂಡಿಯನ್ ಅಂಗಡಿಯ ಕ್ಯೂನಲ್ಲಿ ಒಂದು ಸುದ್ದಿ ಬಿದ್ದರೆ ಸಂಜೆಗೆ ದಿಯಾಳ ಶಾಲೆಯ ಗೇಟಿನಲ್ಲಿರುತ್ತದೆ. ಶೈಲಕ್ಕನ ಫೋನು ಅದೇ ದಿನ ಬಂತು. ಅವಳಿಗೆ ನಾನೇ ಹೇಳಿದ್ದೆ, ಅವಳ ಮಕ್ಕಳ ಪರೀಕ್ಷೆಯ ವಿಷಯವಲ್ಲವೇ.

"ಮಕ್ಕಳಿಗೆ ಟೆಸ್ಟ್ ಮಾಡಿಸ್ತೀನಿ, ಅದು ಬಿಡು. ಆದ್ರೆ ಹೊರಗಡೆ ಯಾರಾದ್ರೂ ಕೇಳಿದ್ರೆ ನ್ಯುಮೋನಿಯಾ ಅನ್ನು."

"ಯಾಕಕ್ಕ?"

"ಟಿಬಿ ಅಂದ್ರೆ ಏನೋ ಒಂಥರಾ ಕಣೇ. ನ್ಯುಮೋನಿಯಾ ಡೀಸೆಂಟಾಗಿರುತ್ತೆ."

ಆವತ್ತು ನಾನು ನಕ್ಕೆ. ಕೆಮ್ಮು ಬರುವಷ್ಟು ನಕ್ಕೆ. ಆಮೇಲೆ ಮಧ್ಯಾಹ್ನವೆಲ್ಲ ಕಿಟಕಿಯಾಚೆ ಆಸ್ಪತ್ರೆಯ ಚಿಮಣಿ ನೋಡುತ್ತಾ ಕೂತೆ. ಉಬ್ಬಸ ಎಂದು ಹೇಳಿದ್ದರು ಜಯತ್ತೆಗೆ. ಅದೂ ಡೀಸೆಂಟಾಗೇ ಇತ್ತು. ಸರ್ಕಾರದ ಫೋನ್ ಬಂದಾಗ ಕ್ಲಬ್ಬಿನ ಏಳು ಜನರೂ ಲಾಡ್ಜಿನಲ್ಲಿ ಕೆಮ್ಮಿದ್ದು ಯಾರು ಎಂದು ನೆನಪಿಸಿಕೊಳ್ಳುತ್ತಾರೆ. ಆ ರೂಮಿನಲ್ಲಿದ್ದ ಕಂದುಮೈಯವಳು ನಾನೊಬ್ಬಳೇ. ಅವರು ಊಹಿಸುತ್ತಾರೆ, ಅದು ಗೊತ್ತಿಲ್ಲವೆಂದು ನಾನು ನಟಿಸಬೇಕು, ಊಹಿಸಿಯೇ ಇಲ್ಲವೆಂದು ಅವರೂ ನಟಿಸಬೇಕು. ಆ ನಾಟಕ ಆಡಿಕೊಂಡು ಮತ್ತೆ ಶನಿವಾರದ ಕಾರ್ ಪಾರ್ಕಿಗೆ ಹೋಗಲು ನನ್ನಿಂದಾಗದು. ಹಾಗಾದರೆ ಎರಡೇ ದಾರಿ. ಕ್ಲಬ್ಬು ಬಿಡುವುದು, ಇಲ್ಲವೇ ಹೆಸರು ಹೇಳುವುದು. ಹೇಳಿದ ಮೇಲೆ ಅವರು ನನ್ನನ್ನು ಹತ್ತಿರ ಸೇರಿಸುತ್ತಾರೋ ಇಲ್ಲವೋ ಅದು ಆಮೇಲಿನ ಮಾತು.

ಮೊದಲು ಮೌರೀನ್‌ಗೆ ಫೋನ್ ಮಾಡಿದೆ. ಅವಳು, ಹಾಗಾದರೆ ಆ ಮೂರನೇ ಸ್ಥಾನ ನೀನು ಒಂದೂವರೆ ಶ್ವಾಸಕೋಶದಲ್ಲಿ ಗೆದ್ದದ್ದಾ ಎಂದಳು. ಆಮೇಲೆ ನಾನು ಏಳು ಜನರಿಗೂ ಒಂದು ಈಮೇಲ್ ಬರೆದೆ. ನನಗೆ ಟಿಬಿ, ನನಗೆ ಗೊತ್ತಿರಲಿಲ್ಲ, ನಿಮಗೆ ಫೋನ್ ಬರುತ್ತದೆ, ದಯವಿಟ್ಟು ಪರೀಕ್ಷೆ ಮಾಡಿಸಿಕೊಳ್ಳಿ, ಪ್ರಶ್ನೆಗಳಿದ್ದರೆ ನನ್ನನ್ನೇ ಕೇಳಿ, ರೇಣುಕಾ. ಗಿರೀಶ ಅದನ್ನು ಓದಿ, "ಕಳಿಸಲೇಬೇಕಾ?" ಅಂದ. ಕಳಿಸಿಯಾಗಿತ್ತು.

ಐದು ಜನ ಒಳ್ಳೆಯ ಮಾತು ಬರೆದರು. ಅದರಲ್ಲಿ ಒಬ್ಬಳು ಮುಂದಿನ ತಿಂಗಳೇ ಬೇರೆ ಕ್ಲಬ್ಬಿಗೆ ಸೇರಿಕೊಂಡಳು. ಮನೆಗೆ ಹತ್ತಿರವಂತೆ. ಕ್ರೇಗ್ ಬರೆಯಲಿಲ್ಲ, ಫೋನ್ ಮಾಡಿದ.

"ಎಷ್ಟು ದಿನದಿಂದ ಕೆಮ್ಮುತ್ತಿದ್ದೆ?"

"ಜೂನ್‌ನಿಂದ."

"ನನ್ನ ಹೆಂಡತಿ ಬಸುರಿ ಅಂತ ನಿನಗೆ ಗೊತ್ತಿತ್ತು. ನಾನು ಆ ರೂಮಿಂದ ನೇರ ಮನೆಗೆ ಹೋದೆ, ರೆನ್." ಅವನ ಧ್ವನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. "ಡಾಕ್ಟರ ಹತ್ತಿರ ಹೋಗೋಕೆ ಎರಡು ತಿಂಗಳು ಬೇಕಾಯ್ತಾ? ನೀನು ಓದಿದವಳು."

ನೀನೇ ಲಾಜೆಂಜ್ ಕೊಟ್ಟೆಯಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ಸಾರಿ ಎಂದೆ. ಅವನು ಸರಿ ಎಂದು ಇಟ್ಟ.

ಎರಡು ವಾರದ ನಂತರ ಮನೆಗೆ ಬಂದೆ. ಇನ್ನು ಯಾರಿಗೂ ಹರಡುವುದಿಲ್ಲ, ಮಗಳನ್ನು ತಬ್ಬಿಕೋ ಎಂದು ಕಳಿಸಿದರು. ಬಾಗಿಲಲ್ಲಿ ದಿಯಾ ನಿಂತಿದ್ದಳು. ಓಡಿ ಬಂದವಳು ನಾಲ್ಕಡಿ ದೂರದಲ್ಲಿ ನಿಂತು, "ಆರ್ ಯೂ ಶ್ಯೂರ್?" ಎಂದು ಕೇಳಿದಳು. ಹೌದು ಎಂದೆ. ಆಮೇಲೆ ಬಂದಳು. ಆ ನಾಲ್ಕಡಿ ನನಗೆ ಇನ್ನೂ ನೆನಪಿದೆ.

ಮಾತ್ರೆಗಳ ವಿಷಯ ಹೇಳುವುದಾದರೆ, ದಿನಾ ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಹಿಡಿ. ಉಚ್ಚೆ ಕಿತ್ತಳೆ ಬಣ್ಣ. ಬೆವರೂ ಹಾಗೇ, ಬಿಳಿ ಕಾಲರುಗಳೆಲ್ಲ ಹೋದವು. ಹೊಟ್ಟೆ ತೊಳೆಸುತ್ತಿತ್ತು, ಕೀಲು ನೋಯುತ್ತಿತ್ತು. ನಾನು ಮಾತ್ರೆಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ, ಬಂದವರಿಗೆಲ್ಲ ಕಾಣುವಂತೆ ಇಟ್ಟೆ. ಗಿರೀಶನ ಫ್ರೆಂಡ್ಸ್ ಬರುವ ದಿನ ಅವನು ಅದನ್ನು ಡ್ರಾಯರಿಗೆ ಹಾಕಿದ. ನಾನು ತೆಗೆದು ಮತ್ತೆ ಕಟ್ಟೆಯ ಮೇಲಿಟ್ಟೆ. ಅವನು ನೋಡಿದ. ನಾನೂ ನೋಡಿದೆ. ಅದು ಅಲ್ಲೇ ಉಳಿಯಿತು.

ಪರೀಕ್ಷೆಗಳ ಫಲ ಒಂದೊಂದಾಗಿ ಬಂತು. ಶೈಲಕ್ಕನ ಮಕ್ಕಳಿಗೆ ಏನೂ ಇಲ್ಲ. ಕ್ರೇಗ್‌ಗೆ ಇಲ್ಲ, ಎರಡು ತಿಂಗಳ ನಂತರ ಮತ್ತೆ ನೋಡಿದಾಗಲೂ ಇಲ್ಲ. ಮೌರೀನ್‌ಗೆ ಇತ್ತು. ಕಾಯಿಲೆಯಲ್ಲ, ಒಳಗೆ ಮಲಗಿರುವ ರೋಗಾಣು ಮಾತ್ರ. ನಿನ್ನಿಂದ ಬಂದಿದ್ದೋ ಅವಳ ಚಿಕ್ಕಂದಿನದೋ ಹೇಳಲಾಗದು ಎಂದಳು ಲಾನ್. ಆದರೂ ನಾಲ್ಕು ತಿಂಗಳು ಮಾತ್ರೆ. ಆ ಸುದ್ದಿ ಕೇಳಿದ ದಿನ ನಾನು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಮೌರೀನ್ ನಮ್ಮ ಮನೆ ಬಾಗಿಲಲ್ಲಿ. ಕೈಯಲ್ಲಿ ಅವಳ ಮಾತ್ರೆ ಡಬ್ಬಿ.

"ನಾಲ್ಕು ತಿಂಗಳು ಬಿಯರ್ ಮುಟ್ಟಬಾರದಂತೆ" ಅಂದಳು. "ಐವತ್ತು ವರ್ಷದಲ್ಲಿ ಮೊದಲ ಸಲ. ನನ್ನ ಗಂಡ ನಿನಗೆ ಹೂವು ಕಳಿಸಬೇಕು ಅಂತಿದ್ದಾನೆ."

ನಾನು ಅತ್ತೆ. ಅವಳು ಅಳಲು ಬಿಟ್ಟಳು, ಬೆನ್ನು ತಟ್ಟಲಿಲ್ಲ. ಆಮೇಲೆ ಶೂ ಹಾಕಿಕೋ ಎಂದಳು. ಬೀದಿಯ ತುದಿಯವರೆಗೆ ನಡೆದೆವು, ಮುನ್ನೂರು ಮೀಟರು. ವಾಪಸು ಬರುವಾಗ ಬೇರೆಯವರ ಮನೆಯ ಲೆಟರ್‌ಬಾಕ್ಸ್ ಹಿಡಿದು ಎರಡು ಸಲ ನಿಂತೆ. ಅಲ್ಲಿಂದ ಶುರು. ಮರುವಾರ ತೊರೆಯವರೆಗೆ. ನವೆಂಬರಿನಲ್ಲಿ ಮೊದಲ ಓಟ, ಒಂದು ಲೈಟು ಕಂಬದಿಂದ ಇನ್ನೊಂದಕ್ಕೆ. ತೂಕ ಏರಿತು. ಏರಿದ ಪ್ರತಿ ಕಿಲೋವನ್ನೂ ನಾನು ಬಾಗಿಲಿನ ಪಕ್ಕದ ಗೋಡೆಯಲ್ಲಿ ದಿಯಾಳ ಎತ್ತರದ ಗೆರೆಗಳ ಪಕ್ಕ ಬರೆದೆ. ಅನ್ನ ಮತ್ತೆ ರುಚಿಸಿದ ದಿನ ಎರಡು ಸಲ ಸಾರು ಹಾಕಿಕೊಂಡೆ.

ಜನವರಿಯಲ್ಲಿ ಸಿಡ್ನಿಗೆ ಹೋದೆವು. ಮಾರ್ಸ್ಡನ್ ಪಾರ್ಕ್‌ನಲ್ಲಿ ಶೈಲಕ್ಕನ ಮಗಳ ಹುಟ್ಟುಹಬ್ಬ, ನಲವತ್ತು ಜನ, ಎಲ್ಲ ನಮ್ಮವರೇ. ಬಿಸಿಬೇಳೆಬಾತಿನ ಪಾತ್ರೆಯ ಹತ್ತಿರ ಮೈಸೂರಿನ ಆಂಟಿಯೊಬ್ಬರು ಪ್ರೀತಿಯಿಂದ ಕೇಳಿದರು, "ನ್ಯುಮೋನಿಯಾ ಈಗ ಹೇಗಿದೆಯಮ್ಮಾ?"

"ನ್ಯುಮೋನಿಯಾ ಅಲ್ಲ ಆಂಟಿ, ಟಿಬಿ. ಇನ್ನೊಂದು ತಿಂಗಳು ಮಾತ್ರೆ ಇದೆ. ಚೆನ್ನಾಗಿದೀನಿ."

ಅವರ ಸೌಟು ನನ್ನ ತಟ್ಟೆಯ ಮೇಲೆ ನಿಂತಿತು. ಅಲ್ಲೇ ನಿಂತಿರಲಿ ಎಂದು ನಾನು ತಟ್ಟೆ ಹಿಡಿದೇ ಇದ್ದೆ. ಕಡೆಗೆ ಬಡಿಸಿದರು. ಆಮೇಲೆ ಶೈಲಕ್ಕ ನನ್ನನ್ನು ಲಾಂಡ್ರಿ ರೂಮಿಗೆ ಎಳೆದು, "ನನ್ನ ಮನೇಲೇ ಬೇಕಿತ್ತಾ ಇದು?" ಎಂದಳು. ನಿನ್ನ ಮನೆಯಲ್ಲಿ ಸುಳ್ಳು ಹೇಳಿದ್ದರಿಂದ ನಿನ್ನ ಮನೆಯಲ್ಲೇ ಸರಿ ಮಾಡಬೇಕಾಯ್ತಕ್ಕ ಎಂದೆ. ಮೂರು ವಾರ ಅವಳು ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ನಾಲ್ಕನೇ ವಾರ ಮಾಡಿ, ಮಾತ್ರೆ ಮುಗಿಯುವುದು ಯಾವ ತಾರೀಖು ಎಂದು ಕೇಳಿದಳು. ಅದಕ್ಕಿಂತ ಹೆಚ್ಚು ನಾನು ನಿರೀಕ್ಷಿಸಲೂ ಇಲ್ಲ.

ಫೆಬ್ರವರಿಯಲ್ಲಿ ಮಾತ್ರೆ ಮುಗಿಯಿತು. ಎಡಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಕಲೆ ಉಳಿದಿದೆ. ಅದು ಉಳಿಯುತ್ತದಂತೆ. ಶನಿವಾರದ ಕಾರ್ ಪಾರ್ಕಿಗೆ ವಾಪಸು ಹೋದೆ. ಹೆಚ್ಚಿನವರು ಮಾಮೂಲಿನಂತೆ ಮಾತಾಡಿಸಿದರು. ಬಯಲಿನಲ್ಲಿ ಯಾರಿಗೂ ತೊಂದರೆಯಿಲ್ಲ, ಬಯಲಿನಲ್ಲಿ ಎಲ್ಲರೂ ಉದಾರಿಗಳು. ಕ್ರೇಗ್ ಗುಂಪಿನ ಇನ್ನೊಂದು ತುದಿಯಲ್ಲಿ ನಿಲ್ಲುತ್ತಿದ್ದ. ಡಿಸೆಂಬರಿನಲ್ಲಿ ಅವನಿಗೆ ಗಂಡುಮಗುವಾಗಿತ್ತು. ಫೋಟೋ ಎಲ್ಲರಿಗೂ ತೋರಿಸುತ್ತಿದ್ದ. ನನ್ನ ಹತ್ತಿರ ಬರುವ ಹೊತ್ತಿಗೆ ಫೋನು ಜೇಬಿಗೆ ಹೋಗುತ್ತಿತ್ತು.

ನಿಜವಾದ ಪರೀಕ್ಷೆ ಬಂದದ್ದು ಜೂನಿನಲ್ಲಿ, ಹಿಮದ ರೇಸಿಗೆ ಲಾಡ್ಜಿನ ಪಟ್ಟಿ ಹಾಕಿದಾಗ. ಆನ್‌ಲೈನ್ ಶೀಟು, ಯಾರು ಯಾವ ರೂಮಿನಲ್ಲಿ ಮಲಗುತ್ತಾರೆಂದು ಅವರವರೇ ಬರೆಯಬೇಕು. ನಾನು ನಾಲ್ಕು ಹಾಸಿಗೆಯ ರೂಮಿನಲ್ಲಿ ನನ್ನ ಹೆಸರು ಬರೆದೆ. ಎರಡು ದಿನ ಕಳೆಯಿತು. ಬೇರೆ ರೂಮುಗಳು ತುಂಬಿದವು. ಒಂದರಲ್ಲಿ ನೆಲದ ಮೇಲೆ ಮ್ಯಾಟ್ರೆಸ್ ಹಾಕಿಕೊಳ್ಳುತ್ತೇನೆ ಎಂದೂ ಯಾರೋ ಬರೆದರು. ನನ್ನ ರೂಮಿನಲ್ಲಿ ಮೂರು ಗೆರೆ ಖಾಲಿ. ಮೌರೀನ್ ಆಗ ಮಗಳ ಮನೆಗೆಂದು ಕೇರ್ನ್ಸ್‌ಗೆ ಹೋಗಿದ್ದಳು, ಶೀಟು ನೋಡಿರಲಿಲ್ಲ.

"ಹೆಸರು ತೆಗೆದುಬಿಡು" ಅಂದ ಗಿರೀಶ. "ಯಾಕೆ ಸುಮ್ನೆ ಎಲ್ಲರ ಮುಂದೆ..."

"ಮೂರು ಹಾಸಿಗೆ ಖಾಲಿ ಬಿದ್ದಿರಲಿ. ನಾನು ನಾಲ್ಕನೇದ್ರಲ್ಲಿ ಮಲಗ್ತೀನಿ. ತೆಗೆಯಲ್ಲ."

ಮೂರನೇ ದಿನ ಬೆಳಿಗ್ಗೆ ನೋಡಿದರೆ ನನ್ನ ಹೆಸರಿನ ಕೆಳಗೆ ಎರಡು ಹೆಸರಿದ್ದವು. ಗಿರೀಶ. ದಿಯಾ. ಬಸ್ಸಿಗೂ ಓಡದ ಮನುಷ್ಯ ನನ್ನ ಗಂಡ. ಚಳಿ ಎಂದರೆ ಟಾರ್ನೀಟ್‌ನಲ್ಲೇ ಎರಡು ಸ್ವೆಟರು. ಅವನು ಆಫೀಸಿಗೆ ಹೋಗಿಯಾಗಿತ್ತು. ಫೋನ್ ಮಾಡಿ, ಇದೇನು ಎಂದು ಕೇಳಿದೆ. "ನಿನ್ನ ರೂಮಲ್ಲಿ ಜಾಗ ಇತ್ತಲ್ಲ" ಅಂದ, ಮೀಟಿಂಗ್ ಇದೆ ಎಂದು ಇಟ್ಟ. ಮಧ್ಯಾಹ್ನ ಮೌರೀನ್ ಕೇರ್ನ್ಸ್‌ನಿಂದಲೇ ಕೂಗಾಡಿದಳು, ನಿನ್ನ ಗಂಡನಿಗೆ ಹೇಳು, ಕೆಳಗಿನ ಬಂಕು ನನ್ನದು, ನನ್ನ ಮೊಣಕಾಲಿಗೆ ಏಣಿ ಆಗದು. ನಾಲ್ಕೂ ಭರ್ತಿ.

ಈ ಜುಲೈನ ರೇಸು ಹತ್ತು ಕಿಲೋಮೀಟರ್. ಮೊದಲ ಏರಿನಲ್ಲೇ ನನಗೆ ನನ್ನ ಶ್ವಾಸಕೋಶದ ಅಳತೆ ತಿಳಿಯಿತು. ಮೊದಲಿನಷ್ಟು ಗಾಳಿ ಒಳಗೆ ಹೋಗುವುದಿಲ್ಲ. ಹೋದಷ್ಟರಲ್ಲೇ ಓಡಬೇಕು. ಹಿಂದೆ ಬಿದ್ದೆ, ಬಿದ್ದಲ್ಲೇ ಉಳಿದೆ, ಆಮೇಲೆ ಒಬ್ಬೊಬ್ಬರನ್ನೇ ಹಿಡಿಯತೊಡಗಿದೆ. ಆರನೇ ಕಿಲೋಮೀಟರಿನಲ್ಲಿ ಮರಗಳ ನಡುವಿನ ಕಿರಿದಾದ ಹಾದಿಯಲ್ಲಿ ಮುಂದೆ ಒಂದು ನೀಲಿ ಜಾಕೆಟ್. ಕ್ರೇಗ್. ಮಗು ನಿದ್ದೆ ಕೊಡುತ್ತಿಲ್ಲವೆಂದು ಎಲ್ಲರಿಗೂ ಹೇಳಿಕೊಂಡಿದ್ದ. ಅವನ ಹೆಜ್ಜೆ ಭಾರವಾಗಿತ್ತು.

ಹಿಮದಲ್ಲಿ ಓಡುವ ದಾರಿ ತುಳಿದು ಗಟ್ಟಿಯಾದ ಒಂದೇ ಒಂದು ಕಾಲುವೆ. ಪಕ್ಕಕ್ಕೆ ಸರಿದರೆ ಮೊಣಕಾಲು ಮುಳುಗುತ್ತದೆ. ದಾಟಬೇಕೆಂದವರು ಹಿಂದಿನಿಂದ 'ಟ್ರ್ಯಾಕ್' ಎಂದು ಕೂಗಬೇಕು, ಮುಂದಿನವರು ಸರಿದು ಮೆತ್ತನೆ ಹಿಮದಲ್ಲಿ ನಿಂತು ದಾರಿ ಬಿಡಬೇಕು. ಯಾರಿಗೂ ಇಷ್ಟವಿಲ್ಲ, ಆದರೂ ಬಿಡುತ್ತಾರೆ. ನಾನು ಅವನ ಹಿಂದೆ ಐವತ್ತು ಹೆಜ್ಜೆ ಸುಮ್ಮನೆ ಓಡಿದೆ. ಇಷ್ಟು ಹತ್ತಿರಕ್ಕೆ ಹನ್ನೆರಡು ತಿಂಗಳಿಂದ ಬಂದಿರಲಿಲ್ಲ. ಹಿಂದೆಯೇ ಉಳಿದುಬಿಡಲೇ ಎನ್ನಿಸಿತು. ದಾಟಿದರೆ ಭುಜಕ್ಕೆ ಭುಜ ತಾಗುತ್ತದೆ, ಅವನ ಮುಖದ ಮುಂದೆಯೇ ನಾನು ಉಸಿರು ಬಿಡಬೇಕು. ಅಷ್ಟರಲ್ಲಿ ಸಿಟ್ಟು ಬಂತು, ನನ್ನ ಮೇಲೇ. ಇದ್ದ ಗಾಳಿಯನ್ನೆಲ್ಲ ಒಟ್ಟುಮಾಡಿ ಕೂಗಿದೆ.

"ಟ್ರ್ಯಾಕ್."

ಅವನು ತಿರುಗಿದ. ನಾನೆಂದು ಕಂಡ. ಒಂದು ಕ್ಷಣ ಹಾಗೇ ನಿಂತ. ಆಮೇಲೆ ಎಡಕ್ಕೆ ಒಂದು ಹೆಜ್ಜೆ ಇಟ್ಟು ಹಿಮದಲ್ಲಿ ಮೊಣಕಾಲವರೆಗೆ ಇಳಿದು, ದಾರಿಯ ಕಡೆಗೆ ಮುಖ ಮಾಡಿ ನಿಂತ. ನಾನು ದಾಟುವಾಗ ನನ್ನ ಉಸಿರಿನ ಹಬೆ ಅವನ ಗಡ್ಡಕ್ಕೆ ತಾಗಿತು, ಅವನದು ನನ್ನ ಕೆನ್ನೆಗೆ. ಅವನು ಮುಖ ತಿರುಗಿಸಲಿಲ್ಲ.

"ಹೋಗು ಮತ್ತೆ, ಯಾಕೆ ನಿಧಾನ" ಅಂದ.

ಹೋದೆ.